ವಕಾಲತ್ತಿನಿಂದ ವಿಲೀನದವರೆಗೆ

ಕೆನರಾ ಜಿಲ್ಲೆಯನ್ನು ಇಬ್ಭಾಗಿಸಿ, 1862ನೆಯ ಇಸವಿಯಲ್ಲಿ ಉತ್ತರದ ತಾಲ್ಲೂಕುಗಳನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿ, ದಕ್ಷಿಣದವನ್ನು ಮದರಾಸಿನಲ್ಲಿಯೇ ಉಳಿಸಿಕೊಂಡುದರ ಪರಿಣಾಮವಾಗಿ, ಅದೇ ವರ್ಷ ಸ್ಥಾಪಿತವಾದ ಎರಡು ಹೈಕೋರ್ಟುಗಳ ನಡುವೆ ಕನ್ನಡ ಕರಾವಳಿಯ ವ್ಯಾಜ್ಯಗಳೂ ಹಂಚಿಹೋದುವು. ಕಾರವಾರ ಹೊನ್ನಾವರಗಳ ಕಕ್ಷಿಗಾರನ ಮೇಲ್ಮನವಿಯು ಮುಂಬಯಿಗೂ, ಮಂಗಳೂರು ಉಡುಪಿಗಳ ಕಕ್ಷಿಗಾರನದು ಮದರಾಸಿಗೂ ಹೋಗತೊಡಗಿತು; ಧಾರವಾಡ ಬೆಳಗಾವಿಗಳು ಮುಂಬಯಿಯ ಪಾಲಿಗೆ, ಬಳ್ಳಾರಿಯು ಮದರಾಸಿನ ಪಾಲಿಗೆ, ಕಲಬುರ್ಗಿ ರಾಯಚೂರುಗಳು ಹೈದರಾಬಾದಿನ ಪಾಲಿಗೆ ಇದ್ದುವು; ಮೈಸೂರು ಸಂಸ್ಥಾನವಾದರೋ 1884ರಲ್ಲಿ ತನ್ನದೇ ಆದ ಚೀಫ್ ಕೋರ್ಟನ್ನು ಪಡೆಯಿತು. ಕಕ್ಷಿಗಾರನ ಕಷ್ಟವನ್ನು ಅವನಾಡುವ ನುಡಿಯಲ್ಲಿ ಕೇಳಿಕೊಳ್ಳುವ ಮುನ್ಸೀಫನು ಒಬ್ಬ, ಅವನರಿಯದ ನುಡಿಯಲ್ಲಿ ಅದರ ನಿರ್ಣಯವನ್ನು ಬರೆಯುವ ನ್ಯಾಯಮೂರ್ತಿಗಳು ಬೇರೊಬ್ಬರು ಎಂಬಂಥ ಸ್ಥಿತಿಯಲ್ಲಿ, ಈ ಎರಡು ಲೋಕಗಳ ನಡುವೆ ನಿಂತು ಒಂದರ ದುಃಖವನ್ನು ಮತ್ತೊಂದಕ್ಕೆ ತಿಳಿಯುವಂತೆ ಹೇಳಬಲ್ಲವನು ವಕೀಲನೊಬ್ಬನೇ ಆಗಿದ್ದನು. ಮನೆಮಠ ಹೊಲಗದ್ದೆಗಳ ದಾವಾಗಳಿಗೆಂದು ಜನರು ಗೊತ್ತುಮಾಡಿಕೊಂಡ ಈ ವಕೀಲನು ಹೇಗೆ ಕ್ರಮೇಣ ಕಂಪನಿಗಳನ್ನು ಕಟ್ಟುವವನಾದನು, ಅನಂತರ ಕಂಪನಿಗಳನ್ನು ಒಂದರೊಳಗೊಂದು ಕೂಡಿಸುವ ಕಾಗದಪತ್ರಗಳನ್ನು ರಚಿಸುವವನಾದನು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ. ಕಾಗದವು ಸಿದ್ಧವಾಗುವ ಮೇಜಿನ ಬಳಿ ಯಾರ ಪರವಾಗಿ ವಕೀಲನು ಕುಳಿತಿದ್ದನು, ಯಾರ ಪರವಾಗಿ ಯಾರೂ ಇರಲಿಲ್ಲ ಎಂಬ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ. ನನ್ನ ಮಟ್ಟಿಗೆ ಅದೇ ಮುಖ್ಯವಾದುದು.

ಒಬ್ಬನ ಪರವಾಗಿ ಮತ್ತೊಬ್ಬನು ಮಾತನಾಡುವ ಪದ್ಧತಿಯು ಇಂಗ್ಲಿಷರೊಡನೆ ಹಡಗಿನಿಂದ ಇಳಿದು ಬಂದುದಲ್ಲ. ನಾರದಸ್ಮೃತಿಯು ತಂದೆ, ಮಗ, ಸಹೋದರ ಮತ್ತು ನಿಯುಕ್ತನಾದವನು ಇವರನ್ನು ಬಿಟ್ಟು ಅನ್ಯನು ಪರರ ವ್ಯವಹಾರದಲ್ಲಿ ಬಾಯಿಹಾಕಿದರೆ ಅವನು ದಂಡಾರ್ಹನೆಂದು ವಿಧಿಸುತ್ತದೆ. ನಿಯುಕ್ತನು ವಾದಿಸಿದಾಗ ಅದರಿಂದ ಬರುವ ಜಯಾಪಜಯಗಳು ನಿಯೋಜಿಸಿದವನಿಗೇ ಸೇರತಕ್ಕವು ಎಂಬುದೂ ಧರ್ಮಶಾಸ್ತ್ರದ ಸಿದ್ಧಾಂತವೇ ಆಗಿದೆ. ಇಂದಿಗೂ ವಕಾಲತ್ತುನಾಮೆಯ ಹುರುಳು ಇದಕ್ಕಿಂತ ಬೇರೆಯಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು, 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಬಳಿಕ, ಮದರಾಸು ಮುಂಬಯಿಗಳ ನ್ಯಾಯಾಲಯಗಳಲ್ಲಿ ದಿನನಿತ್ಯ ಎತ್ತಿ ಓದಲ್ಪಡುವ ಗ್ರಂಥವಾಯಿತು. ಆದರೆ ಆ ಗ್ರಂಥದಲ್ಲಿ ದಾಯಭಾಗದಷ್ಟೇ ಮನನಯೋಗ್ಯವಾದ, ವಕೀಲರು ಅಷ್ಟಾಗಿ ತೆರೆಯದ ಇನ್ನೊಂದು ಪ್ರಕರಣವಿದೆ, ಅದು ಸಂಭೂಯಸಮುತ್ಥಾನ. ಹಲವರು ವರ್ತಕರು ಲಾಭಾರ್ಥವಾಗಿ ಕೂಡಿ ವ್ಯಾಪಾರ ಮಾಡುವಾಗ ಲಾಭನಷ್ಟಗಳು ಅವರವರ ಮೂಲಧನದ ಪ್ರಮಾಣಕ್ಕೆ ಅಥವಾ ಮೊದಲೇ ಮಾಡಿಕೊಂಡ ಒಡಂಬಡಿಕೆಗೆ ಅನುಸಾರವಾಗಿ ಹಂಚಿಕೆಯಾಗಬೇಕು. ಉಳಿದವರು ನಿಷೇಧಿಸಿದುದನ್ನು ಅಥವಾ ಒಪ್ಪದುದನ್ನು ಮಾಡಿ, ಇಲ್ಲವೆ ಅಜಾಗರೂಕತೆಯಿಂದ, ನಷ್ಟವನ್ನು ತಂದವನು ಅದನ್ನು ತಾನೇ ತುಂಬಿಕೊಡಬೇಕು. ವಿಪತ್ತಿನಿಂದ ಸರಕನ್ನು ರಕ್ಷಿಸಿದವನಿಗೆ ಅದರ ದಶಮಾಂಶವು ಸಲ್ಲಬೇಕು. ವಂಚಕನನ್ನು ಲಾಭವಿಲ್ಲದೆ ಹೊರಹಾಕಬೇಕು. ಐಹೊಳೆಯ ಐನೂರ್ವರಂಥ ವಣಿಕ್‌ಸಂಘಗಳು ನಡೆದಾಡಿದ ನಾಡಿನಲ್ಲಿ ಬರೆದ ಈ ನಿಯಮಗಳನ್ನು ಓದುವಾಗ, ಪಾಲುದಾರರು ಜಗಳವಾಡುವ ಮುನ್ನವೇ ಅವರ ಜಗಳವನ್ನು ಊಹಿಸಿ ಬರೆದಿಡುವ ವಿದ್ಯೆಯು ನಮ್ಮಲ್ಲಿ ಎಷ್ಟು ಹಳೆಯದೆಂಬುದು ಮನಸ್ಸಿಗೆ ಬಂದು ಸಂತೋಷವಾಗುತ್ತದೆ.

ಕಂಪನಿ ಸರ್ಕಾರದ ನ್ಯಾಯಾಲಯಗಳಲ್ಲಿ ವಕೀಲವೃತ್ತಿಯು ನಿಬದ್ಧವಾದುದು 1793ರ ಕಾರ್ನ್‌ವಾಲಿಸನ ನಿಬಂಧನೆಗಳಿಂದ. ಆಗ ಹಿಂದೂಗಳೂ ಮುಸಲ್ಮಾನರೂ ಮಾತ್ರವೇ ವಕೀಲರಾಗಬಹುದಾಗಿತ್ತು, ಅವರ ಫೀಸನ್ನು ಸರ್ಕಾರವೇ ಗೊತ್ತುಪಡಿಸುತ್ತಿತ್ತು. ಮದರಾಸಿನಲ್ಲಿ 1816ರ ನಿಬಂಧನೆಯೂ, ಮುಂಬಯಿಯಲ್ಲಿ 1827ರ ನಿಬಂಧನೆಯೂ ಇದೇ ಜಾಡಿನಲ್ಲಿ ನಡೆದುವು. 1846ರ ಕಾಯಿದೆಯು ಜಾತಿಮತದೇಶಗಳ ನಿರ್ಬಂಧವನ್ನು ತೆಗೆದುಹಾಕಿತು. ಆದರೆ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಲ್ಲಿ ಬೇರೊಂದು ಲೋಕವೇ ಇದ್ದಿತು. ಅಲ್ಲಿಯ ಸುಪ್ರೀಂ ಕೋರ್ಟುಗಳಲ್ಲಿಯೂ, 1862ರ ಅನಂತರ ಹೈಕೋರ್ಟುಗಳ ಮೂಲವ್ಯಾಜ್ಯ ವಿಭಾಗದಲ್ಲಿಯೂ, ಇಂಗ್ಲೆಂಡಿನ ಕ್ರಮದಂತೆ ಅಟಾರ್ನಿಯೆಂಬ ಸಾಲಿಸಿಟರನು ಬೇರೆ, ವಾದಿಸುವ ಬ್ಯಾರಿಸ್ಟರನು ಬೇರೆ. ಕಕ್ಷಿಗಾರನು ನೇರವಾಗಿ ಬ್ಯಾರಿಸ್ಟರನ ಬಾಗಿಲನ್ನು ತಟ್ಟುವಂತಿರಲಿಲ್ಲ. ಅವನು ಅಟಾರ್ನಿಯ ಕಚೇರಿಗೆ ಹೋಗಿ ತನ್ನ ಕಥೆಯನ್ನು ಹೇಳಿಕೊಳ್ಳಬೇಕು. ಅಟಾರ್ನಿಯು ಸಾಕ್ಷಿಗಳನ್ನು ವಿಚಾರಿಸಿ, ದಸ್ತಾವೇಜುಗಳನ್ನು ಕ್ರಮವಾಗಿ ಜೋಡಿಸಿ, ನಕಲು ಮಾಡಿಸಿ, ದಾರ ಕಟ್ಟಿದ ಕಟ್ಟನ್ನು ಬ್ಯಾರಿಸ್ಟರನಿಗೆ ಒಪ್ಪಿಸಬೇಕು. ಅವನು ಎದ್ದುನಿಂತು ವಾದಿಸಬೇಕು. ಮುಂಬಯಿ ಕಲ್ಕತ್ತಗಳಲ್ಲಿ ದೇಶೀಯ ವಕೀಲರಿಗೆ ಮೂಲವ್ಯಾಜ್ಯ ವಿಭಾಗದಲ್ಲಿ ಪ್ರವೇಶವಿರಲಿಲ್ಲ. ಮದರಾಸು ಮಾತ್ರ ಉದಾರವಾಯಿತು. ಅಲ್ಲಿ ವಕೀಲರಿಗೂ ಆ ವಿಭಾಗದಲ್ಲಿ ವಾದಿಸುವ ಅಧಿಕಾರ ದೊರೆತು, ಅದನ್ನು ವಿರೋಧಿಸಿದ ಅಟಾರ್ನಿಗಳ ಅರ್ಜಿಯು 1876ರಲ್ಲಿ ಫಲಿಸದೆ ಹೋಯಿತು.

ಕಂಪನಿಗಳ ಕೆಲಸವೆಲ್ಲ ಅಟಾರ್ನಿಗಳ ಕೈಸೇರಿದುದಕ್ಕೆ ಈ ವಿಭಾಗಕ್ರಮವೇ ಕಾರಣ. ದೊಡ್ಡ ಗಿರಣಿಗಳೂ ಹಡಗಿನ ಕಂಪನಿಗಳೂ ಮಹಾನಗರಗಳಲ್ಲಿ ನೆಲೆಸಿದ್ದುವು. ಅವುಗಳ ಅಡವುಪತ್ರ, ಷೇರುಪತ್ರ, ಕರಾರುಗಳನ್ನೆಲ್ಲ ಬರೆಯುವವನು ಅಟಾರ್ನಿ. ವರ್ಷಗಟ್ಟಲೆ ಆ ಕಾಗದಗಳ ನಡುವೆಯೇ ಬೆಳೆದ ಅವನಿಗೆ, ಯಾವ ವಾಕ್ಯವು ಮುಂದೆ ಯಾವ ದಾವಾಕ್ಕೆ ಎಡೆಗೊಡುವುದೆಂಬುದು ಕಂಡುಕೇಳಿದ ಸಂಗತಿಯಾಗಿತ್ತು. ಮಂಗಳೂರಿನಂಥ ಜಿಲ್ಲಾಸ್ಥಳದಲ್ಲಿ ಈ ಭೇದವೇ ಇಲ್ಲ. ಅಲ್ಲಿಯ ವಕೀಲನೇ ಕಥೆಯನ್ನು ಕೇಳಬೇಕು, ಅವನೇ ಅರ್ಜಿಯನ್ನು ಬರೆಯಬೇಕು, ಅವನೇ ಸಾಕ್ಷಿಯನ್ನು ಪಾಟೀಸವಾಲು ಮಾಡಬೇಕು, ಡಿಕ್ರಿಯಾದ ಮೇಲೆ ಅಮಲ್ಜಾರಿಯನ್ನೂ ಅವನೇ ನಡೆಸಬೇಕು. ಮಹಾನಗರದವರು ಇದನ್ನು ಕುಂದೆಂದೆಣಿಸಿದರೂ, ಕರಾವಳಿಯ ಇತಿಹಾಸವನ್ನು ನೋಡಿದರೆ ಇದು ಲಾಭವಾಗಿಯೇ ಪರಿಣಮಿಸಿತೆಂದು ನನಗೆ ತೋರುತ್ತದೆ. ಏಕೆಂದರೆ ಒಂದು ಕಾಗದದ ಜನ್ಮದಿಂದ ಅದರ ಅವಸಾನದವರೆಗೆ, ಸಹಿ ಬಿದ್ದ ದಿನದಿಂದ ಜಪ್ತಿಯಾದ ದಿನದವರೆಗೆ, ಪೂರ್ಣವಾಗಿ ಕಂಡವನು ಈ ಮೊಫಸ್ಸಿಲ್ ವಕೀಲನೇ.

ಆ ವಕೀಲನ ಬಳಿಗೆ ಬರುತ್ತಿದ್ದ ವ್ಯಾಜ್ಯಗಳಾದರೂ ಎಂಥವು? ದಕ್ಷಿಣ ಕನ್ನಡದಲ್ಲಿ ಭೂಮಿಯು ಮೂಲಗೇಣಿ, ಚಾಲಗೇಣಿ, ಅಡವು, ಭೋಗ್ಯ ಎಂದು ಹಲವು ಹಕ್ಕುಗಳ ಭಾರವನ್ನು ಒಂದೇ ಸಲ ಹೊತ್ತಿರುತ್ತಿತ್ತು. ಒಂದು ಗದ್ದೆಗೆ ಮೂಲಿದಾರನೊಬ್ಬ, ಶಾಶ್ವತವಾದ ಗೇಣಿಯ ಮೂಲಗೇಣಿದಾರನೊಬ್ಬ, ಅವನ ಕೆಳಗೆ ವರ್ಷವರ್ಷವೂ ಗೇಣಿಯೊಪ್ಪಿಸುವ ಚಾಲಗೇಣಿ ಒಕ್ಕಲೊಬ್ಬ, ಇವರ ನಡುವೆ ಈಡಿನ ಮೇಲೆ ಸಾಲ ಕೊಟ್ಟ ಸಾಹುಕಾರನೊಬ್ಬ ಇರುವುದು ಸಾಮಾನ್ಯವಾಗಿತ್ತು. ಇದರ ಮೇಲೆ ಅಳಿಯಸಂತಾನದ ಕಟ್ಟು. ತಾಯಿಯ ಕಡೆಯಿಂದ ಆಸ್ತಿಯು ಇಳಿಯುವ ಆ ಕುಟುಂಬಗಳಲ್ಲಿ ಒಬ್ಬ ಸದಸ್ಯನು ತನ್ನ ಪಾಲನ್ನು ಬಲಾತ್ಕಾರವಾಗಿ ಕೇಳುವಂತಿಲ್ಲವೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಮಾನಿಸಿತು. 1949ರ ಅಳಿಯಸಂತಾನ ಕಾಯಿದೆಯು ಕವರುಗಳೆಂಬ ಕುಟುಂಬದ ಶಾಖೆಗಳಿಗೆ ಪಾಲು ಕೇಳುವ ಹಕ್ಕನ್ನು ಕೊಡುವತನಕ ಆ ನಿಯಮವು ಜಿಲ್ಲೆಯ ಸಾವಿರಾರು ಮನೆತನಗಳ ಬದುಕನ್ನು ಆಳಿತು. ಆದುದರಿಂದ ಅಲ್ಲಿ ಪಾಲಿನ ದಾವಾಕ್ಕಿಂತ ಹೆಚ್ಚಾಗಿ ಯಜಮಾನನು ಮಾಡಿದ ಸಾಲವು ಕುಟುಂಬಕ್ಕೆ ಬಾಧಕವೇ ಅಲ್ಲವೇ, ಅವನು ಬರೆದುಕೊಟ್ಟ ಮೂಲಗೇಣಿಯು ಊರ್ಜಿತವೇ ಅಲ್ಲವೇ ಎಂಬ ಪ್ರಶ್ನೆಗಳೇ ವಕೀಲನ ಮೇಜಿನ ಮೇಲೆ ಬೀಳುತ್ತಿದ್ದುವು. ಹಲವರ ಸ್ವತ್ತನ್ನು ಒಬ್ಬನ ಸಹಿಯು ಬಂಧಿಸಬಲ್ಲುದು ಯಾವಾಗ? ನಿರ್ದೇಶಕನ ಸಹಿಗೂ ಷೇರುದಾರನ ಹಣಕ್ಕೂ ಇರುವ ಸಂಬಂಧವು ಇದೇ ಪ್ರಶ್ನೆಯ ಮತ್ತೊಂದು ಮುಖವಾದುದರಿಂದ, ಅಳಿಯಸಂತಾನದ ದಾವಾಗಳಲ್ಲಿ ಪಳಗಿದವನಿಗೆ ಕಂಪನಿಯ ಕಾಯಿದೆಯು ತೀರ ಅಪರಿಚಿತವಾಗಿ ಕಂಡಿರಲಾರದು.

ವಕೀಲನ ಕಚೇರಿಯು ಸಾಮಾನ್ಯವಾಗಿ ಅವನ ಮನೆಯ ಮುಂಭಾಗವೇ. ಬೆಳಗಿನ ಹೊತ್ತು ಕಕ್ಷಿಗಾರರು ಜಗಲಿಯಲ್ಲಿ ಕುಳಿತಿರುವರು. ಗುಮಾಸ್ತನು ಒಬ್ಬೊಬ್ಬರ ಸಂಚಿಯಿಂದ ಹೊರಬಂದ ಮಡಿಕೆಬಿದ್ದ ಛಾಪಾಕಾಗದಗಳನ್ನು ಬಿಡಿಸಿ ತಾರೀಖನ್ನು ಮೊದಲು ನೋಡುವನು. ತಾರೀಖು ಮೊದಲು, ಕಥೆ ಆಮೇಲೆ. ಏಕೆಂದರೆ ಕೈಬರಹದ ಸಾಲಕ್ಕೆ ಮೂರು ವರ್ಷಗಳ ವಾಯಿದೆ, ಭೋಗ್ಯವನ್ನು ಬಿಡಿಸಿಕೊಳ್ಳುವುದಕ್ಕೆ ಅಂದಿನ ಕಾಲಮಿತಿ ಕಾಯಿದೆಯಂತೆ 60 ವರ್ಷಗಳ ವಾಯಿದೆ. ಒಂದು ದಿನ ಮೀರಿದರೂ ಎಂಥ ಸತ್ಯವಾದ ಋಣವೂ ನ್ಯಾಯಾಲಯದ ಬಾಗಿಲಲ್ಲಿ ನಿಂತುಬಿಡುವುದು. ಅನಂತರ ವಕಾಲತ್ತುನಾಮೆ: ಹಾಜರಾಗಲು, ವಾದಿಸಲು, ದಸ್ತಾವೇಜುಗಳನ್ನು ಸಲ್ಲಿಸಲು ಮತ್ತು ಹಿಂದಕ್ಕೆ ಪಡೆಯಲು, ಹಣವನ್ನು ಸ್ವೀಕರಿಸಲು, ಅಗತ್ಯಬಿದ್ದರೆ ರಾಜಿಮಾಡಿಕೊಳ್ಳಲು ಅಧಿಕಾರವನ್ನು ಕೊಡುವ ಒಂದು ಹಾಳೆ, ಅದರ ಕೆಳಗೆ ಕಕ್ಷಿಗಾರನ ರುಜು ಅಥವಾ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ವಕೀಲನ ಒಪ್ಪಿಗೆಯ ಸಹಿ. ರಾಜಿಯ ಅಧಿಕಾರವನ್ನು ಹೇಳುವ ಆ ಒಂದು ಸಾಲನ್ನು ಓದದೆಯೇ ಹೆಬ್ಬೆಟ್ಟನ್ನೊತ್ತಿದವರು ಎಷ್ಟೋ ಮಂದಿ. ಅದನ್ನು ಓದಿ ಹೇಳಿ, ಅರ್ಥವಾಯಿತೆಂದು ಕಂಡ ಮೇಲೆಯೇ ಮಸಿಯ ಹಲಗೆಯನ್ನು ಮುಂದೆ ಸರಿಸುವ ವಕೀಲನನ್ನೇ ಅನುಭವಿಯೆಂದು ಕರೆಯಬೇಕು. ಅನುಭವವೆಂದರೆ ಗೆದ್ದ ಮೊಕದ್ದಮೆಗಳ ಎಣಿಕೆಯಲ್ಲ.

ಸಾಲದ ದಾವಾಗಳು ಮಿಕ್ಕೆಲ್ಲವನ್ನೂ ಮೀರಿದುವು. ಮಂಗಳೂರಿನಲ್ಲಿ ಮದರಾಸು ಬ್ಯಾಂಕಿನ ಶಾಖೆಯಿದ್ದರೂ ಅದರ ಬಾಗಿಲು ಕಾಫಿ ಮತ್ತು ರಫ್ತಿನ ದೊಡ್ಡ ವರ್ತಕರಿಗೆ ತೆರೆದಷ್ಟು ಸಣ್ಣ ಹಿಡುವಳಿದಾರನಿಗೆ ತೆರೆಯುತ್ತಿರಲಿಲ್ಲ. ಅವನಿಗೆ ಊರ ಸಾಹುಕಾರನೇ ಗತಿ. ಬಡ್ಡಿಯು ಅಸಲನ್ನು ಮೀರಿ, ದಾವಾ ಬಿದ್ದು, ಡಿಕ್ರಿಯಾಗಿ, ಜಮೀನು ಹರಾಜಾಗುವುದನ್ನು ವಾದಿಯ ಪರವಾಗಿಯೋ ಪ್ರತಿವಾದಿಯ ಪರವಾಗಿಯೋ ನಿಂತು ವರ್ಷಾನುವರ್ಷ ನೋಡಿದವರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಬ್ಬರು. 1852ರಲ್ಲಿ ಮೂಲ್ಕಿಯಲ್ಲಿ ಜನಿಸಿ, ಮದರಾಸಿನಲ್ಲಿ ಕಾನೂನನ್ನು ಓದಿ, ಮಂಗಳೂರಿನಲ್ಲಿ ವಕೀಲರಾಗಿ ನೆಲೆಸಿದ ಅವರು 1891ರಲ್ಲಿ ಕೆನರಾ ಹೈಸ್ಕೂಲನ್ನೂ, ಆ ಮೇಲೆ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು. 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. 1910ರಲ್ಲಿ ಅದಕ್ಕೆ ಕೆನರಾ ಬ್ಯಾಂಕ್ ಎಂಬ ಹೆಸರು ಬಂದಿತು. ಅದನ್ನು ನೋಡಲು ಪೈಗಳು ಉಳಿದಿರಲಿಲ್ಲ, 1909ರಲ್ಲಿಯೇ ತೀರಿಕೊಂಡಿದ್ದರು. ಅದೇ ಊರಿನಲ್ಲಿ, ಅದೇ ವೃತ್ತಿಯಲ್ಲಿದ್ದ ಕುದ್ಮುಲ್ ರಂಗರಾಯರು ತಮ್ಮ ಆಯುಷ್ಯವನ್ನು ದಲಿತರ ವಿದ್ಯೆಗೆ ಮುಡಿಪಾಗಿಟ್ಟರೆಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯಲು ಮನಸ್ಸೊಪ್ಪುವುದಿಲ್ಲ.

1906 ಎಂಬುದು ಸಾಮಾನ್ಯ ವರ್ಷವಲ್ಲ. ಮಾರ್ಚಿನಲ್ಲಿ ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಸಾಹೇಬರು 5000 ರೂಪಾಯಿಗಳ ಮೂಲಧನದಿಂದ, ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯನ್ನು ಆರಂಭಿಸಿದರು. ಜುಲೈಯಲ್ಲಿ ಪೈಗಳ ಫಂಡು. ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್ನಾಟ್ ಕಂಪನಿಯು ದಿವಾಳಿಯೆದ್ದು, ವಿಧವೆಯರೂ ವೃದ್ಧರೂ ಗುಮಾಸ್ತರೂ ಇಟ್ಟಿದ್ದ ಠೇವಣಿಗಳು ನೀರಾಗಿ ಹೋದುವು. ಆ ಮನೆತನದ ಸರ್ ಜಾರ್ಜ್ ಅರ್ಬತ್ನಾಟನು ಶಿಕ್ಷೆಯನ್ನೂ ಅನುಭವಿಸಬೇಕಾಯಿತು. ಸಾಲಿಗರ ಪರವಾಗಿ ನಿಂತ ಮದರಾಸಿನ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಅವರು ಆ ವ್ಯಾಜ್ಯದ ನಡುವೆಯೇ ದೇಶೀಯರ ಬ್ಯಾಂಕೊಂದು ಅವಶ್ಯವೆಂದು ಕಂಡು, 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕು ತೆರೆಯುವುದಕ್ಕೆ ಕಾರಣರಾದರು. ಇತ್ತ ಮುಂಬಯಿಯಲ್ಲಿ, 1906ರ ಡಿಸೆಂಬರ್ 27ರಂದು, ಕರಾವಳಿಯಿಂದ ಹೋಗಿ ನೆಲೆಸಿದ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ತಮ್ಮ ಗುರುಗಳೂ ವಕೀಲರೂ ಆಗಿದ್ದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರೀ ಸಂಘವೊಂದನ್ನು ನೋಂದಾಯಿಸಿದರು. ಅದು ಶಾಮರಾವ್ ವಿಠಲ ಸಹಕಾರಿ ಬ್ಯಾಂಕಾಗಿ ಬೆಳೆಯಿತು. ಮದರಾಸಿನ ಪತನವೇ ಮಂಗಳೂರಿನ ಬ್ಯಾಂಕುಗಳಿಗೆ ಪ್ರೇರಣೆಯಾಯಿತೆಂದು ಹೇಳುವಂತಿಲ್ಲ, ಏಕೆಂದರೆ ತಾರೀಖುಗಳು ಅದನ್ನು ಒಪ್ಪುವುದಿಲ್ಲ. ಉಡುಪಿ ಮಂಗಳೂರುಗಳು ಆ ಪತನಕ್ಕಿಂತ ಮುಂಚೆಯೇ ಎಚ್ಚತ್ತಿದ್ದುವು.

ಹೀಗೆ ಸ್ಥಾಪಿಸಿದ ಕಂಪನಿಯೊಂದಕ್ಕೆ ವಕೀಲನ ಪ್ರಥಮ ಕೊಡುಗೆ ಅದರ ಸ್ಥಾಪನಾಪತ್ರ. 1857ರಲ್ಲಿ ಭಾರತದಲ್ಲಿ ಮಿತಹೊಣೆಯ ತತ್ತ್ವವು ಅಂಗೀಕೃತವಾದ ಮೇಲೆ, ಷೇರುದಾರನು ತಾನು ಒಪ್ಪಿಕೊಂಡ ಮೊತ್ತಕ್ಕಿಂತ ಹೆಚ್ಚಿಗೆ ಕಳೆದುಕೊಳ್ಳುವ ಭಯವಿಲ್ಲದಂತಾಯಿತು. ಆದರೆ ಅದಕ್ಕೆ ಪ್ರತಿಯಾಗಿ ಕಂಪನಿಯು ತನ್ನ ಉದ್ದೇಶಗಳನ್ನು ಲಿಖಿತವಾಗಿ ಸಾರಬೇಕಾಯಿತು, ಸಾರಿದ ಉದ್ದೇಶವನ್ನು ದಾಟಿ ಮಾಡಿದ ಕಾರ್ಯವು ಷೇರುದಾರರೆಲ್ಲ ಒಪ್ಪಿದರೂ ಅಸಿಂಧುವೆಂದು 1875ರಲ್ಲಿ ಇಂಗ್ಲೆಂಡಿನ ಲಾರ್ಡರ ಸಭೆಯು ರೈಲ್ವೆಗಾಡಿಗಳ ಕಂಪನಿಯೊಂದರ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಅಂದಿನಿಂದ ಸ್ಥಾಪನಾಪತ್ರವನ್ನು ಬರೆಯುವ ವಕೀಲರು ಉದ್ದೇಶಗಳ ಪಟ್ಟಿಯನ್ನು ಉದ್ದವಾಗಿ ಹೆಣೆಯತೊಡಗಿದರು. ಅದರ ಕೊನೆಯ ಕಡೆ, ಇತರ ಕಂಪನಿಯೊಡನೆ ಕೂಡಿಕೊಳ್ಳುವ ಅಧಿಕಾರವೂ ತನಗಿದೆಯೆಂಬ ಒಂದು ಸಾಲು ಸೇರಿಬಂದಿತು. ಬ್ಯಾಂಕು ಹುಟ್ಟುವ ದಿನವೇ ಅದು ಮತ್ತೊಂದರಲ್ಲಿ ಲೀನವಾಗುವ ದಿನವನ್ನೂ ಯೋಚಿಸಿ ಬರೆಯುವುದು ಅಮಂಗಳವೆಂದು ಸ್ಥಾಪಕರಿಗೆ ತೋರಿರಬಹುದು; ವಕೀಲನಿಗೆ ಹಾಗೆ ತೋರುವಂತಿಲ್ಲ.

ಮೊದಮೊದಲು ಎರಡು ಕಂಪನಿಗಳನ್ನು ಒಂದುಗೂಡಿಸುವ ಮಾರ್ಗವು ಬಹಳ ಬಳಸಾದುದಾಗಿತ್ತು: ಒಂದನ್ನು ಸಮಾಪನಗೊಳಿಸಿ, ಅದರ ಸಮಾಪಕನು ಆಸ್ತಿಯನ್ನು ಇನ್ನೊಂದಕ್ಕೆ ಮಾರಿ, ಬೆಲೆಗೆ ಬದಲಾಗಿ ಆ ಕಂಪನಿಯ ಷೇರುಗಳನ್ನು ತೆಗೆದುಕೊಂಡು ಹಳೆಯ ಷೇರುದಾರರಿಗೆ ಹಂಚುವುದು. ಪ್ರತಿಯೊಂದು ಜಮೀನಿಗೂ ಕಟ್ಟಡಕ್ಕೂ ಪ್ರತ್ಯೇಕ ಪತ್ರ, ಪ್ರತಿಯೊಂದಕ್ಕೂ ಸ್ಟಾಂಪು, ಪ್ರತಿಯೊಬ್ಬ ಸಾಲಗಾರನಿಗೂ ಪ್ರತ್ಯೇಕ ನೋಟೀಸು. 1913ರ ಕಂಪನಿ ಕಾಯಿದೆಯ 153ನೆಯ ಪ್ರಕರಣವು, ಸಭೆಯಲ್ಲಿ ಹಾಜರಾದವರ ಪೈಕಿ ಸಂಖ್ಯೆಯಲ್ಲಿ ಬಹುಮತವೂ ಮೌಲ್ಯದಲ್ಲಿ ಮುಕ್ಕಾಲು ಪಾಲೂ ಒಪ್ಪಿದ ಏರ್ಪಾಡಿಗೆ ನ್ಯಾಯಾಲಯದ ಮುದ್ರೆಯು ಬಿದ್ದರೆ ಅದು ಒಪ್ಪದವರನ್ನೂ ಬಂಧಿಸುವುದೆಂದು ವಿಧಿಸಿತ್ತು. 1936ರ ತಿದ್ದುಪಡಿಯು ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಾಲಯದ ಒಂದೇ ಆಜ್ಞೆಯಿಂದ ಒಂದು ಕಂಪನಿಯ ಆಸ್ತಿ ಋಣಗಳೆಲ್ಲ ಇನ್ನೊಂದಕ್ಕೆ ಸೇರುವ ದಾರಿಯನ್ನು ತೆರೆಯಿತು. 1956ರ ಕಾಯಿದೆಯ 391ರಿಂದ 394ರವರೆಗಿನ ಪ್ರಕರಣಗಳು ಇದನ್ನೇ ವಿಸ್ತರಿಸಿದುವು.

ಇಲ್ಲಿ ದಾವಾಗಳ ಅನುಭವವು ಮತ್ತೆ ಕೆಲಸಕ್ಕೆ ಬರುತ್ತದೆ. ಸಭೆಯಲ್ಲಿ ಯಾರು ಯಾರೊಡನೆ ಕುಳಿತು ಮತ ಹಾಕಬೇಕು? 1892ರಲ್ಲಿ ಇಂಗ್ಲೆಂಡಿನ ಜೀವವಿಮಾ ಕಂಪನಿಯೊಂದರ ವ್ಯಾಜ್ಯದಲ್ಲಿ, ಪಾಲಿಸಿಯ ಅವಧಿ ಮುಗಿದು ಹಣ ಬರಬೇಕಾದವರನ್ನೂ ಇನ್ನೂ ಕಂತು ಕಟ್ಟುತ್ತಿರುವವರನ್ನೂ ಒಂದೇ ವರ್ಗವೆಂದು ಕೂಡಿಸಿದುದು ತಪ್ಪೆಂದು ಅಪೀಲು ನ್ಯಾಯಾಲಯವು ತೀರ್ಪಿತ್ತಿತು. ಹಿತಗಳು ಬೇರೆಬೇರೆಯಾದವರು ಒಟ್ಟಿಗೆ ಕುಳಿತು ಸಮಾಲೋಚಿಸಲಾರರು. ವರ್ಗವಿಭಜನೆಯಲ್ಲಿ ತಪ್ಪಿದರೆ ಎಷ್ಟು ಬಹುಮತ ದೊರೆತರೂ ಯೋಜನೆಯೆಲ್ಲ ಬಿದ್ದುಹೋಗುವುದು. ಇದಕ್ಕಿಂತಲೂ ಹೃದಯಕ್ಕೆ ಹತ್ತಿರವಾದುದು 1940ರ ನೋಕ್ಸನ ಮೊಕದ್ದಮೆ. ಯಾರ್ಕ್‌ಷೈರಿನ ಕಲ್ಲಿದ್ದಲು ಗಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಅವನ ಕಂಪನಿಯು ನ್ಯಾಯಾಲಯದ ಆಜ್ಞೆಯಿಂದ ಡಾಂಕಾಸ್ಟರಿನ ಸಂಯುಕ್ತ ಕಂಪನಿಯಲ್ಲಿ ಸೇರಿಹೋಗಿತ್ತು. ಅದು ಅವನಿಗೆ ತಿಳಿದೇ ಇರಲಿಲ್ಲ. ಅವನು ಕೆಲಸಕ್ಕೆ ಬಾರದೆ ಹೋದಾಗ ಹೊಸ ಕಂಪನಿಯು ನಷ್ಟಪರಿಹಾರಕ್ಕಾಗಿ ಅವನ ಮೇಲೆ ಹೋಯಿತು. ಗಣಿಯೂ ಯಂತ್ರವೂ ಸಾಲವೂ ಆಜ್ಞೆಯಿಂದ ಒಡೆಯನನ್ನು ಬದಲಿಸಬಹುದು, ಆದರೆ ಕೂಲಿಗಾರನ ದುಡಿಮೆಯ ಕರಾರು ಅವನ ಒಪ್ಪಿಗೆಯಿಲ್ಲದೆ ಬದಲಾಗಲಾರದು ಎಂದು ಲಾರ್ಡರ ಸಭೆಯು ನೋಕ್ಸನ ಪರವಾಗಿ ನಿರ್ಣಯಿಸಿತು. ಕಂಪನಿಗಳ ಕಾನೂನಿನಲ್ಲಿ ಇಷ್ಟು ಮನುಷ್ಯತ್ವವುಳ್ಳ ತೀರ್ಪುಗಳು ಹೆಚ್ಚಿಲ್ಲ. ಒಬ್ಬ ಗಣಿಕಾರ್ಮಿಕನ ಪರವಾಗಿಯೂ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬಲ್ಲ ವಕೀಲನಿದ್ದುದರಿಂದಲೇ ಅದು ದೊರೆಯಿತೆಂಬುದನ್ನು ಮರೆಯಬಾರದು.

ನಮ್ಮ ಕರಾವಳಿಗೆ ವಿಲೀನದ ಯುಗವು ಬಂದುದು ಕೇರಳದ ಮಾರ್ಗವಾಗಿ. 1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆಯು ಬ್ಯಾಂಕುಗಳ ಐಚ್ಛಿಕ ಸಂಯೋಜನೆಯನ್ನು ಹೈಕೋರ್ಟಿನ ಕೈಯಿಂದ ತೆಗೆದು ರಿಸರ್ವ್ ಬ್ಯಾಂಕಿನ ಕೈಗೆ ಕೊಡುವ ದಾರಿಯನ್ನು ತೋರಿಸಿತು. ಷೇರುದಾರರು ಮೌಲ್ಯದಲ್ಲಿ ಮೂರನೆಯ ಎರಡು ಪಾಲು ಒಪ್ಪಬೇಕು, ಒಪ್ಪದವನಿಗೆ ಅವನ ಷೇರಿನ ಬೆಲೆಯನ್ನು ರಿಸರ್ವ್ ಬ್ಯಾಂಕು ಗೊತ್ತುಮಾಡಿ ಕೊಡಿಸಬೇಕು. 1960ರ ಆಗಸ್ಟಿನಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳ ಹೈಕೋರ್ಟಿನ ಆಜ್ಞೆಯಿಂದ ಮುಚ್ಚಿತು. ಆ ಕ್ರಮವನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1962ರಲ್ಲಿ ಆ ಕೋರ್ಟು ರಿಸರ್ವ್ ಬ್ಯಾಂಕಿನ ಅಧಿಕಾರವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಕಾಯಿದೆಯು ತಿದ್ದುಪಡಿಯಾಗಿ, ದುರ್ಬಲವಾದ ಬ್ಯಾಂಕಿನ ವ್ಯವಹಾರವನ್ನು ಕೆಲಕಾಲ ಸ್ತಂಭನಗೊಳಿಸಿ, ರಿಸರ್ವ್ ಬ್ಯಾಂಕೇ ಯೋಜನೆಯನ್ನು ಬರೆದು, ಸರ್ಕಾರದ ಮಂಜೂರಾತಿಯಿಂದ ಅದನ್ನು ಬಲವಾದ ಬ್ಯಾಂಕಿನಲ್ಲಿ ಸೇರಿಸುವ ಕಡ್ಡಾಯದ ಕ್ರಮವು ಬಂದಿತು. 1951ರಲ್ಲಿ 566 ಇದ್ದ ದೇಶದ ವಾಣಿಜ್ಯ ಬ್ಯಾಂಕುಗಳು 1969ರ ವೇಳೆಗೆ 89ಕ್ಕೆ ಇಳಿದುವು. ಕೆನರಾ ಬ್ಯಾಂಕು ಬ್ಯಾಂಕ್ ಆಫ್ ಕೇರಳವನ್ನೂ ಇತರ ಕೆಲವನ್ನೂ ತನ್ನೊಳಗೆ ಸೇರಿಸಿಕೊಂಡಿತು. 1924ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕರ್ಣಾಟಕ ಬ್ಯಾಂಕು ಶೃಂಗೇರಿ ಶಾರದಾ ಬ್ಯಾಂಕು, ಚಿತ್ರದುರ್ಗ ಬ್ಯಾಂಕು ಮತ್ತು ಬ್ಯಾಂಕ್ ಆಫ್ ಕರ್ನಾಟಕಗಳನ್ನು ಬರಮಾಡಿಕೊಂಡಿತು. 1931ರ ವಿಜಯಾ ಬ್ಯಾಂಕಿನಲ್ಲಿ 1960ರ ದಶಕದಲ್ಲಿ ಒಂಬತ್ತು ಸಣ್ಣ ಬ್ಯಾಂಕುಗಳು ಲೀನವಾದುವು.

ಈ ಕಡ್ಡಾಯದ ಯೋಜನೆಗಳಲ್ಲಿ ಬ್ಯಾಂಕಿನ ಆಸ್ತಿಯನ್ನು ಕೈಗೆ ಬರತಕ್ಕುದು, ಬರಲಾರದುದು ಎಂದು ವಿಂಗಡಿಸುತ್ತಿದ್ದರು. ಠೇವಣಿದಾರನ ಖಾತೆಗೆ ಆಗಿಂದಾಗಲೇ ಒಂದು ಪ್ರಮಾಣದ ಹಣ ಜಮೆಯಾಗಿ, ಉಳಿದುದು ಹಳೆಯ ಸಾಲಗಳು ವಸೂಲಾದಂತೆಲ್ಲ ವರ್ಷಗಳ ಮೇಲೆ ಸಂದಾಯವಾಗುವುದು. 1962ರ ಜನವರಿ 1ರಿಂದ ಜಾರಿಗೆ ಬಂದ ಠೇವಣಿ ವಿಮೆಯು ಒಬ್ಬೊಬ್ಬನಿಗೆ 1500 ರೂಪಾಯಿಯವರೆಗೆ ರಕ್ಷಣೆಯಿತ್ತಿತು. ನೌಕರರಿಗಾದರೋ, ನೋಕ್ಸನಿಗೆ ನ್ಯಾಯಾಲಯದಿಂದ ದೊರೆತ ಬಗೆಯ ಕಾಳಜಿಯು ಇಲ್ಲಿ ಶಾಸನದ ಮೂಲಕವೇ ಬೇರೊಂದು ರೂಪದಲ್ಲಿ ದೊರೆತು, ಅವರ ಸೇವೆಯು ಹೊಸ ಬ್ಯಾಂಕಿನಲ್ಲಿ ಮುಂದುವರಿಯಿತು. ಈ ಕಾಗದಗಳನ್ನು ರಚಿಸಿದವರ ಶ್ರದ್ಧೆಯಲ್ಲಿ ನನಗೆ ಸಂಶಯವಿಲ್ಲ. ಆದರೆ ಸೇರುವ ಬ್ಯಾಂಕಿಗೆ ಸಲಹೆಗಾರನಿದ್ದನು, ಸೇರಿಸಿಕೊಳ್ಳುವ ಬ್ಯಾಂಕಿಗೆ ಸಲಹೆಗಾರನಿದ್ದನು, ರಿಸರ್ವ್ ಬ್ಯಾಂಕಿಗೂ ಇದ್ದನು. ಭತ್ತ ಮಾರಿದ ಹಣವನ್ನಿಟ್ಟ ಠೇವಣಿದಾರನ ಕಡೆಯಿಂದ ಆ ವಿಂಗಡಣೆಯ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಇದು ವಸೂಲಾಗದೆಂದು ಏಕೆ ಬರೆದಿರಿ ಎಂದು ಕೇಳುವ ವಕೀಲನು ಇರಲಿಲ್ಲ. ದಾವಾದಲ್ಲಿ ಅತ್ಯಂತ ಬಡವನಿಗೂ ತನ್ನದೇ ವಕಾಲತ್ತು ಇರುತ್ತದೆ. ವಿಲೀನದಲ್ಲಿ ಸಾವಿರಾರು ಜನರ ಹಕ್ಕು ಒಂದೇ ಹಾಳೆಯಲ್ಲಿ ತೀರ್ಮಾನವಾಗುವಾಗ ಅದಿರುವುದಿಲ್ಲ. ಅಂಥವರು ಊರಿಗೊಂದು ಗುಂಪಾಗಿ ಸೇರಿ, ಸಮಾನ ವೆಚ್ಚದಿಂದ, ಕಂಪನಿಯ ಲೆಕ್ಕವನ್ನೂ ಕೋರ್ಟಿನ ಪಾಟೀಸವಾಲನ್ನೂ ಕಂಡ ಒಬ್ಬನನ್ನು ಗೊತ್ತುಮಾಡಿಕೊಳ್ಳುವುದು ಅಂದೂ ಸಾಧ್ಯವಿತ್ತು, ಇಂದೂ ಸಾಧ್ಯವಿದೆ.

ಒಬ್ಬ ಷೇರುದಾರನ ಪರವಾಗಿ ಸಮರ್ಥನಾದ ವಕೀಲನು ನಿಂತರೆ ಏನಾಗಬಲ್ಲುದೆಂಬುದಕ್ಕೆ ಮಹತ್ತಾದ ನಿದರ್ಶನವು ಬಹುಬೇಗ ದೊರೆಯಿತು. 1969ರ ಜುಲೈ 19ರಂದು ಸುಗ್ರೀವಾಜ್ಞೆಯಿಂದ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಕೆನರಾ ಬ್ಯಾಂಕೂ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ದಿನಕ್ಕೆರಡಾಣೆಯ ಪಿಗ್ಮಿ ಠೇವಣಿಯಿಂದ ಮನೆಮಾತಾದ ಸಿಂಡಿಕೇಟ್ ಬ್ಯಾಂಕೂ ಸೇರಿದ್ದುವು. ಷೇರುದಾರರಾದ ಆರ್. ಸಿ. ಕೂಪರ್ ಅವರ ಪರವಾಗಿ ನಾನಿ ಪಾಲ್ಖೀವಾಲಾ ಅವರು ವಾದಿಸಿದರು. ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು 1970ರ ಫೆಬ್ರವರಿ 10ರಂದು, ಒಬ್ಬರ ಭಿನ್ನಮತದೊಡನೆ, ಆ ಸುಗ್ರೀವಾಜ್ಞೆಯ ಸ್ಥಾನದಲ್ಲಿ ಬಂದಿದ್ದ ಕಾಯಿದೆಯನ್ನು ಅಸಿಂಧುಗೊಳಿಸಿತು. ನಾಲ್ಕು ದಿನಗಳಲ್ಲಿಯೇ ಪರಿಹಾರದ ಕ್ರಮವನ್ನು ಬದಲಿಸಿದ ಹೊಸ ಸುಗ್ರೀವಾಜ್ಞೆಯು ಬಂದು ರಾಷ್ಟ್ರೀಕರಣವು ಸ್ಥಿರವಾಯಿತು. ರಾಷ್ಟ್ರೀಕರಣವು ಒಳಿತೇ ಕೆಡುಕೇ ಎಂಬ ಚರ್ಚೆಯು ಬೇರೆ. ಷೇರುದಾರನಿಗೆ ಸಲ್ಲಬೇಕಾದುದು ಎಷ್ಟೆಂಬ ಪ್ರಶ್ನೆಗೆ ಸರ್ಕಾರವು ಉತ್ತರ ಹೇಳಬೇಕಾಗಿ ಬಂದುದು ಆ ವಾದದಿಂದ.

ಅತ್ತ ವೃತ್ತಿಯೂ ರೂಪಾಂತರ ಹೊಂದಿತು. 1961ರ ಅಡ್ವೊಕೇಟರ ಕಾಯಿದೆಯು ವಕೀಲ, ಪ್ಲೀಡರು, ಮುಖ್ತಾರರೆಂಬ ಭೇದಗಳನ್ನು ಒಂದೇ ವರ್ಗಕ್ಕೆ ತಂದಿತು. 1976ರ ತಿದ್ದುಪಡಿಯಿಂದ ಮುಂಬಯಿ ಕಲ್ಕತ್ತಗಳ ಅಟಾರ್ನಿಪದ್ಧತಿಯೂ ಮುಗಿಯಿತು. ವಿಲೀನದ ಅರ್ಜಿಗಳು 2016ರ ಡಿಸೆಂಬರಿನಿಂದ ಹೈಕೋರ್ಟನ್ನು ಬಿಟ್ಟು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತಿವೆ. ಬೆಂಗಳೂರಿನಲ್ಲಿ ಅದರ ಪೀಠವಿದೆ. 1996ರಲ್ಲಿ ಮಫತ್‌ಲಾಲ್ ಕಂಪನಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಬಹುಮತದ ವ್ಯಾಪಾರವಿವೇಚನೆಯ ಮೇಲೆ ನ್ಯಾಯಾಲಯವು ಅಪೀಲು ಕೇಳುವುದಿಲ್ಲ. ಸಭೆಯು ಕ್ರಮವಾಗಿ ಸೇರಿತೇ, ವಿಷಯಗಳೆಲ್ಲ ಮುಂದಿಡಲ್ಪಟ್ಟುವೇ, ಯೋಜನೆಯು ನ್ಯಾಯಸಮ್ಮತವೇ ಎಂದಷ್ಟೇ ನೋಡುತ್ತದೆ. ಹೀಗಾದುದರಿಂದ ಆಕ್ಷೇಪಿಸುವವನು ತನ್ನ ವಕೀಲನನ್ನು ಸಭೆಯ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಮತ ಬಿದ್ದ ಮೇಲೆ ಬಂದವನ ಕೈಯಲ್ಲಿ ವಾದಿಸಲು ಹೆಚ್ಚಿನದೇನೂ ಉಳಿದಿರುವುದಿಲ್ಲ.

ರಾಷ್ಟ್ರೀಕೃತ ಬ್ಯಾಂಕುಗಳಿಗೆ ಈ ಸಭೆಯೂ ಇಲ್ಲ. 1970 ಮತ್ತು 1980ರ ರಾಷ್ಟ್ರೀಕರಣದ ಕಾಯಿದೆಗಳಂತೆ ಕೇಂದ್ರ ಸರ್ಕಾರವು ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಯೋಜನೆಯನ್ನು ಪ್ರಕಟಿಸಿದರೆ ಸಾಕು. ಆ ಕ್ರಮದಿಂದಲೇ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮುಂದಿನ ವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಉಡುಪಿಯಲ್ಲಿ ಹುಟ್ಟಿದುದೂ ಮಂಗಳೂರಿನಲ್ಲಿ ಹುಟ್ಟಿದುದೂ ಒಂದಾದುದನ್ನು ಕಂಡು ಕರಾವಳಿಯವರಲ್ಲಿ ಕೆಲವರು ಹೆಮ್ಮೆಪಟ್ಟರು, ಹಲವರು ನೊಂದರು. ಎರಡಕ್ಕೂ ಒಡೆಯನು ಸರ್ಕಾರವೊಂದೇ ಆದುದರಿಂದ, ಬೇರೆ ಹಿತವುಳ್ಳ ಷೇರುದಾರನೆಂದರೆ ಸಾರ್ವಜನಿಕ ವಿತರಣೆಯಲ್ಲಿ ಅಷ್ಟಿಷ್ಟು ಷೇರನ್ನು ಕೊಂಡಿದ್ದ ಸಣ್ಣವನು. ಸಿಂಡಿಕೇಟಿನ 1000 ಷೇರಿಗೆ ಕೆನರಾದ 158 ಷೇರು ಎಂದು ಗೊತ್ತಾಯಿತು. 100 ಷೇರುಗಳಿದ್ದ ಉಡುಪಿಯ ನಿವೃತ್ತ ಉಪಾಧ್ಯಾಯನಿಗೆ 15 ಷೇರುಗಳು ಬಂದು, ಉಳಿದ ಭಿನ್ನಾಂಶಕ್ಕೆ ಕೆಲವು ರೂಪಾಯಿಗಳು ಸಲ್ಲುವ ಲೆಕ್ಕ. ಆ ಲೆಕ್ಕವು ಸರಿಯೇ ಎಂದು ಅವನು ಒಂಟಿಯಾಗಿ ನ್ಯಾಯಾಲಯದಲ್ಲಿ ಪ್ರಶ್ನಿಸಹೊರಟರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯನ್ನು ಹಾಕಬೇಕು; ಕಂಪನಿಯ ಮೌಲ್ಯನಿರ್ಣಯವನ್ನು ಓದಬಲ್ಲ ವಕೀಲನೊಬ್ಬನಿಗೆ ಅದಕ್ಕಾಗಿ ವಕಾಲತ್ತು ಕೊಡುವ ವೆಚ್ಚವು ಆ 15 ಷೇರುಗಳ ಬೆಲೆಯನ್ನು ಎಷ್ಟೋ ಪಾಲು ಮೀರುತ್ತದೆ.